ಇರೋದೇ ಹತ್ತು ಮನೆ, ಆದ್ರೂ ಮ್ಯಾನ್‌ಹೋಲ್ ಯಾಕೆ ಉಕ್ಕುತ್ತೆ?

[ಡ್ರೋನ್ ದೃಶ್ಯ: ಹೊಸ ಟಾರ್ ರಸ್ತೆ, ಕಲ್ಲು ನೆಟ್ಟ ಖಾಲಿ ಸೈಟುಗಳು, ಅಲ್ಲೊಂದು ಇಲ್ಲೊಂದು ಮನೆ]

ನಮಸ್ಕಾರ. ಇನ್ನೂರು ಸೈಟಿನ ಲೇಔಟು. ರಸ್ತೆ ಹೊಸದು, ಪೈಪು ಹೊಸದು, ಮನೆ ಹತ್ತೇ ಹತ್ತು. ಆದ್ರೂ ಮ್ಯಾನ್‌ಹೋಲ್ ಪದೇ ಪದೇ ಉಕ್ಕುತ್ತೆ. ನಿಮ್ಮಲ್ಲಿ ತುಂಬ ಜನ ಕೇಳಿರೋ ಪ್ರಶ್ನೆ ಇದು: ಜನ ಜಾಸ್ತಿ ಆದ ಕಡೆ ಪೈಪು ಕಟ್ಟಿಕೊಂಡ್ರೆ ಸರಿ, ಜನಾನೇ ಇಲ್ಲದ ಕಡೆ ಯಾಕೆ? ಜನ ಇಲ್ಲ, ಅದಕ್ಕೇ.

ಮೊದಲು ಹಿನ್ನೆಲೆ, ಬೇಗ ಮುಗಿಸ್ತೀನಿ. ಬೆಂಗಳೂರಲ್ಲಿ ಸೈಟು ಮಾರಾಟ ಆಗೋದು ಒಂದು ಕಥೆ, ಮನೆ ಏಳೋದು ಇನ್ನೊಂದು. ಕೆಂಪೇಗೌಡ ಬಡಾವಣೆಯಲ್ಲಿ ಬಿಡಿಎ ಸೈಟು ಹಂಚೋಕೆ ಶುರು ಮಾಡಿದ್ದು 2016ರಲ್ಲಿ. ಎಷ್ಟೋ ವರ್ಷ ಅಲ್ಲಿ ಕಣ್ಣಿಗೆ ಬೀಳ್ತಿದ್ದದ್ದು ಸೈಟಿನ ಕಲ್ಲುಗಳೇ. ಖಾಸಗಿ ಲೇಔಟುಗಳಲ್ಲೂ ಅಷ್ಟೇ, ಅರ್ಧಕ್ಕರ್ಧ ಜನ ‘ಇರಲಿ ಬಿಡು, ರೇಟು ಏರುತ್ತೆ’ ಅಂತ ಕೊಂಡವರು. ಸರ್ಕಾರ ಯಾವುದೇ ಬರಲಿ, ಆ ಖಾಲಿ ಸೈಟುಗಳಲ್ಲಿ ಆಳ್ವಿಕೆ ಮಾತ್ರ ಕಾಂಗ್ರೆಸ್ ಗಿಡದ್ದೇ.

ಈಗ ಪೈಪಿಗೆ ಇಳಿಯೋಣ. ಮಾತಲ್ಲಿ ಮಾತ್ರ, ನಿಜವಾಗಿ ಯಾರೂ ಇಳಿಯಬೇಡಿ. ಯಾಕೆ ಅಂತ ಮುಂದೆ ಹೇಳ್ತೀನಿ.

[ಗ್ರಾಫಿಕ್ಸ್: ಪೈಪಿನ ಅಡ್ಡಕೊಯ್ತ, ತಳದಲ್ಲಿ ತೆಳ್ಳಗೆ ನೀರು]

ಬಡಾವಣೆಯ ಒಳಚರಂಡಿ ಲೈನಲ್ಲಿ ಸಾಮಾನ್ಯವಾಗಿ ಪಂಪು ಇರಲ್ಲ. ನೀರು ಇಳಿಜಾರಲ್ಲಿ ಹರೀಬೇಕು, ಹರಿಯೋವಾಗ ಕೊಳೆಯನ್ನೂ ಎಳ್ಕೊಂಡು ಹೋಗ್ಬೇಕು. ಹಾಗೆ ಎಳೆಯೋಕೆ ಕನಿಷ್ಠ ಒಂದು ವೇಗ ಬೇಕು, ಸೆಕೆಂಡಿಗೆ 0.6 ಮೀಟರ್. ಅದಕ್ಕಿಂತ ನಿಧಾನ ಆದ್ರೆ ನೀರು ಮುಂದೆ ಹೋಗುತ್ತೆ, ಗಟ್ಟಿ ಪದಾರ್ಥ ಅಲ್ಲೇ ಕೂರುತ್ತೆ. ಕೂತು ಕೂತು ಪೈಪು ಕಟ್ಟಿಕೊಂಡ್ರೆ, ಹಿಂದೆ ನಿಂತ ನೀರು ಮ್ಯಾನ್‌ಹೋಲಿಂದ ಉಕ್ಕುತ್ತೆ. ಅಡುಗೆಮನೆ ಸಿಂಕು ನೆನಪಿಸಿಕೊಳ್ಳಿ. ನಲ್ಲಿ ಸಣ್ಣಗೆ ಬಿಟ್ರೆ ಅನ್ನದ ಅಗುಳು ಅರ್ಧ ದಾರಿಯಲ್ಲೇ ಕೂತ್ಕೊಳ್ಳುತ್ತೆ. ಅದೇ ನೀರನ್ನ ಚೊಂಬಲ್ಲಿ ಹಿಡಿದು ಒಮ್ಮೆಗೇ ಸುರೀರಿ, ಅಗುಳು ಮಾಯ. ನೀರು ಅಷ್ಟೇ, ಬಂದ ರೀತಿ ಬೇರೆ. ಈ ಚೊಂಬನ್ನ ಮರೀಬೇಡಿ, ಆಮೇಲೆ ಕೆಲಸಕ್ಕೆ ಬರುತ್ತೆ.

[ಪರದೆ ಮೇಲೆ ಲೆಕ್ಕ]

ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು, ಮನೆಗೆ ನಾಲ್ಕು ಜನ ಅಂದ್ರೆ 540 ಲೀಟರ್. ಅದರಲ್ಲಿ ಶೇ 80ರಷ್ಟು ಚರಂಡಿಗೆ, ಅಂದ್ರೆ ಸುಮಾರು 430 ಲೀಟರ್. ಹತ್ತು ಮನೆಗೆ 4,300. ಇಡೀ ದಿನಕ್ಕೆ ಹಂಚಿದ್ರೆ ಸೆಕೆಂಡಿಗೆ 0.05 ಲೀಟರ್. ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಸ್ನಾನಕ್ಕೆ ಹೋಗೋ ಹೊತ್ತಿಗೆ ಮೂರು ಪಟ್ಟು ಅಂತ ಹಿಡಿದ್ರೂ 0.15 ಲೀಟರ್.

ಈಗ ಕೇಂದ್ರ ಸರ್ಕಾರದ ಸಿಪಿಎಚ್‌ಇಇಒ ಕೈಪಿಡಿ ತೆಗೀರಿ. ಒಳಚರಂಡಿ ಎಂಜಿನಿಯರುಗಳ ಪಂಚಾಂಗ ಅದು. ಎಷ್ಟು ಹರಿವಿಗೆ ಎಷ್ಟು ಇಳಿಜಾರು ಅಂತ ಒಂದು ಪಟ್ಟಿ ಇದೆ. ಪೀಕ್ ಹರಿವು, ಅಂದ್ರೆ ಅತಿ ಹೆಚ್ಚು ನೀರು ಬರೋ ಹೊತ್ತಿನ ಹರಿವು, ಸೆಕೆಂಡಿಗೆ 2 ಲೀಟರ್ ಇದ್ರೆ ಸಾವಿರ ಮೀಟರಿಗೆ 6 ಮೀಟರ್ ಇಳಿಜಾರು ಬೇಕು. 3 ಲೀಟರಿಗೆ 4 ಮೀಟರ್ ಸಾಕು. 10 ಲೀಟರಿಗೆ 2 ಮೀಟರ್. ನೀರು ಕಡಿಮೆ ಆದಷ್ಟೂ ಇಳಿಜಾರು ಕಡಿದಾಗಬೇಕು. ಪಟ್ಟಿ ಶುರುವಾಗೋದೇ 2 ಲೀಟರಿಂದ, ನಮ್ಮ ಹತ್ತು ಮನೆ 0.15ರಲ್ಲಿವೆ. ಪಟ್ಟಿಯ ಮೊದಲ ಸಾಲು ಮುಟ್ಟೋಕೆ ಒಂದೇ ಲೈನಿಗೆ ಸುಮಾರು 130 ಮನೆ ಸೇರಬೇಕು!

‘ಇಳಿಜಾರು ಜಾಸ್ತಿ ಕೊಟ್ರೆ ಆಯ್ತಲ್ಲ’ ಅಂತೀರಿ. ಕೊಡಬಹುದು. ಆದ್ರೆ ಇಳಿಜಾರು ಹೆಚ್ಚಿದಷ್ಟೂ ಗುಂಡಿ ಆಳ ಆಗುತ್ತೆ, ಬೆಂಗಳೂರಲ್ಲಿ ಆಳ ಅಂದ್ರೆ ಬಂಡೆ. ಕಾಂಟ್ರಾಕ್ಟರ್ ಬಿಲ್ಲು ಅಲ್ಲೇ ಎರಡಾಗುತ್ತೆ. ಜತೆಗೆ ಪೈಪನ್ನ ಲೆಕ್ಕ ಹಾಕಿ ಹೂಳೋದು 30 ವರ್ಷದ ಮುಂದಿನ ಜನಸಂಖ್ಯೆಗೆ. ಮನೆಗಳೆಲ್ಲ ತುಂಬಿದ ದಿನ ಆ ಪೈಪು ಸೊಗಸಾಗಿ ಕೆಲಸ ಮಾಡುತ್ತೆ. ಅಲ್ಲೀವರೆಗೆ ಅನುಭವಿಸೋರು ಮೊದಲು ಬಂದ ಹತ್ತು ಮನೆಯವರು. ‘ದೊಡ್ಡ ಪೈಪ್ ಹಾಕ್ಸಿ ಸಾರ್’ ಅನ್ನೋ ಸಲಹೆಯಂತೂ ಇನ್ನೂ ಕೆಡುಕು. ಪೈಪು ಅಗಲ ಆದ್ರೆ ಅಷ್ಟೇ ನೀರು ಇನ್ನೂ ತೆಳ್ಳಗೆ ಹರಡುತ್ತೆ.

ನಿಂತ ಕೊಳೆಯಿಂದ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತೆ. ಕೊಳೆತ ಮೊಟ್ಟೆ ವಾಸನೆ ಅದೇ. ಕಾಂಕ್ರೀಟ್ ಪೈಪಿನ ಮೇಲ್ಭಾಗವನ್ನ ಒಳಗಿಂದ ತಿನ್ನುತ್ತೆ. ಮ್ಯಾನ್‌ಹೋಲಿಗೆ ಇಳಿದ ಮನುಷ್ಯನನ್ನ ನಿಮಿಷಗಳಲ್ಲಿ ಕೊಲ್ಲುತ್ತೆ. ಮೂಗಿನ ಮೇಲೆ ನಂಬಿಕೆ ಇಡಬೇಡಿ, ಗ್ಯಾಸ್ ಹೆಚ್ಚಾದಾಗ ವಾಸನೆ ಹಿಡಿಯೋ ಶಕ್ತಿಯೇ ಹೋಗುತ್ತೆ. ರಕ್ಷಣೆ ಇಲ್ಲದೆ ಯಾರನ್ನಾದ್ರೂ ಇಳಿಸೋದು 2013ರ ಕಾಯ್ದೆ ಪ್ರಕಾರ ಅಪರಾಧ. ‘ಐನೂರು ಕೊಟ್ರೆ ಮಾಡ್ತಾನೆ’ ಅನ್ನೋ ಮಾತು ನಿಮ್ಮ ಸಂಘದ ಮೀಟಿಂಗಲ್ಲಿ ಬಂದ್ರೆ, ಅಲ್ಲೇ ತಡೀರಿ.

[ದೃಶ್ಯ: ಜೆಟ್ಟಿಂಗ್ ಮೆಷಿನ್ ಗಾಡಿ]

ಹಾಗಾದ್ರೆ ಏನು ಮಾಡೋದು? ಮೊದಲು ಜೋರಾದ ಒತ್ತಡದಲ್ಲಿ ನೀರು ಚಿಮ್ಮಿಸೋ ಜೆಟ್ಟಿಂಗ್ ಗಾಡಿ ಕರೆಸಿ ಕೆಳಗಿನ ಮ್ಯಾನ್‌ಹೋಲಿಂದ ಮೇಲಕ್ಕೆ ಲೈನು ಬಿಡಿಸಿ. ಮೇಲಿಂದ ಶುರು ಮಾಡಿದ್ರೆ ಹೂಳೆಲ್ಲ ಕೆಳಗೆ ಹೋಗಿ ಗಟ್ಟಿಯಾಗಿ ಕೂರುತ್ತೆ. ಆಮೇಲೆ ನಮ್ಮ ಚೊಂಬಿನ ಕೆಲಸ. ಲೈನಿನ ತುದಿಯಲ್ಲಿ, ಎಲ್ಲಕ್ಕಿಂತ ಮೇಲಿರೋ ಮ್ಯಾನ್‌ಹೋಲಿನ ಹೊರದಾರಿಗೆ ಹಗ್ಗ ಕಟ್ಟಿದ ರಬ್ಬರ್ ಪ್ಲಗ್ಗನ್ನ ರಸ್ತೆ ಮೇಲಿಂದಲೇ ಉದ್ದ ಕೋಲಲ್ಲಿ ಕೂರಿಸಿ. ಟ್ಯಾಂಕರಿಂದ ಶುದ್ಧೀಕರಿಸಿದ ಕೊಳಚೆ ನೀರು ತುಂಬಿಸಿ, ಕುಡಿಯೋ ನೀರು ಬೇಡ. 0.9 ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಮ್ಯಾನ್‌ಹೋಲು ಸುಮಾರು 950 ಲೀಟರ್ ಹಿಡಿಯುತ್ತೆ. ಅಲ್ಲಿಗೆ ಮನೆಯ ಪೈಪು ಸೇರಿದ್ರೆ ಅದರ ಬಾಯಿಗಿಂತ ಕೆಳಗೇ ನಿಲ್ಲಿಸಿ, ಇಲ್ಲಾಂದ್ರೆ ನೀರು ಅವರ ಬಚ್ಚಲಿಗೆ ವಾಪಸ್ ಹೋಗುತ್ತೆ. ಹಗ್ಗ ಎಳೀರಿ. 6,000 ಲೀಟರ್ ಟ್ಯಾಂಕರಿದ್ರೆ ಆರು ಸಲ ಮಾಡಬಹುದು. ಎಷ್ಟು ದಿನಕ್ಕೊಮ್ಮೆ ಅಂತ ಲೈನೇ ಹೇಳುತ್ತೆ: ಕೆಳಗಿನ ಮ್ಯಾನ್‌ಹೋಲಲ್ಲಿ ನೀರು ನಿಲ್ಲೋಕೆ ಶುರುವಾದ್ರೆ ಹೊತ್ತಾಯ್ತು ಅಂತ. ಲೈನು ಜಲಮಂಡಳಿಗೆ ಹಸ್ತಾಂತರ ಆಗಿದ್ರೆ ಅವರನ್ನ ಕರೆದೇ ಮಾಡಿಸಿ.

ಇಷ್ಟೆಲ್ಲ ಮಾಡಿದ್ರೂ ಸುಲಭವಾಗಿ ಬಿಡದ್ದು ಒಂದಿದೆ: ಸಿಮೆಂಟು. ಮನೆ ಕಟ್ಟೋರು ಮಿಕ್ಸರ್ ತೊಳೆದ ನೀರನ್ನ ಚೇಂಬರಿಗೆ ಬಿಡ್ತಾರೆ. ಸಿಮೆಂಟು ನೀರಿನೊಳಗೂ ಗಟ್ಟಿಯಾಗುತ್ತೆ, ಜೆಟ್ಟಿಗೂ ಜಗ್ಗಲ್ಲ. ಎಷ್ಟೋ ಸಲ ರಸ್ತೆ ಅಗೆದು ಪೈಪು ಬದಲಿಸಬೇಕಾಗುತ್ತೆ. ಅದಕ್ಕೇ ಗೃಹಪ್ರವೇಶದವರೆಗೂ ಚೇಂಬರಿಂದ ರಸ್ತೆ ಲೈನಿಗೆ ಹೋಗೋ ಪೈಪಿನ ಬಾಯಿಗೆ ಎಂಡ್ ಕ್ಯಾಪ್ ಹಾಕಿಸಿಡಿ.

ಇನ್ನು ಬುದ್ಧಿವಂತರ ಉಪಾಯ: ತಾರಸಿ ಮೇಲಿನ ಮಳೆನೀರನ್ನ ಯುಜಿಡಿಗೆ, ಅಂದ್ರೆ ಇದೇ ಒಳಚರಂಡಿಗೆ, ಬಿಟ್ರೆ ತಾನೇ ತೊಳೆಯುತ್ತಲ್ಲ? 70 ಚದರ ಮೀಟರ್ ತಾರಸಿ ಮೇಲೆ ಗಂಟೆಗೆ 50 ಮಿಲಿಮೀಟರ್ ಮಳೆ ಬಿದ್ರೆ ಸೆಕೆಂಡಿಗೆ ಸುಮಾರು 1 ಲೀಟರ್. 200 ಮಿಲಿಮೀಟರ್ ಪೈಪು, ಸಾವಿರಕ್ಕೆ ನಾಲ್ಕರ ಇಳಿಜಾರಲ್ಲಿ ತುಂಬಿ ಹರಿದ್ರೂ 20 ಲೀಟರ್ ಅಷ್ಟೇ ಒಯ್ಯುತ್ತೆ. ಇಪ್ಪತ್ತು ಮನೆಯ ತಾರಸಿ ಸೇರಿದ್ರೆ ತಗ್ಗಿನ ಮನೆಯವರ ಬಚ್ಚಲು ಕೆರೆ. ಮಳೆನೀರು ಸಂಪಿಗೆ, ಇಲ್ಲಾಂದ್ರೆ ಇಂಗುಗುಂಡಿಗೆ.

[ಟೈಮರ್ ಓಡುತ್ತಿದೆ]

ಸಮಯ ಆಗ್ತಾ ಬಂತು, ಉಳಿದದ್ದು ಒಂದೇ ಉಸಿರಿಗೆ. ಸಂಪು 8,000 ಲೀಟರ್ ಕಟ್ಟಿಸಿ. 6,000ದ ಟ್ಯಾಂಕರ್ ಬಂದಾಗ ತಳದಲ್ಲಿ ಸ್ವಲ್ಪ ನೀರು ಇದ್ದೇ ಇರುತ್ತೆ. ಕಾವೇರಿ ಸದ್ಯದಲ್ಲೇ ಬರುತ್ತೆ ಅಂತ ಬ್ರೋಕರ್ ಹೇಳಿದ್ರೆ ಇಷ್ಟು ನೆನಪಿಡಿ: 110 ಹಳ್ಳಿಗಳು ನಗರಕ್ಕೆ ಸೇರಿದ್ದು 2007ರಲ್ಲಿ, ಅವುಗಳಿಗೆ ಅಂತ ಮಾಡಿದ ಐದನೇ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರಲ್ಲಿ. ಬೀದಿದೀಪ, ಪಾರ್ಕು ಕೆಟ್ಟರೆ ಯಾರನ್ನ ಕೇಳೋದು ಅನ್ನೋದು, ಡೆವಲಪರ್ ರಸ್ತೆಗಳನ್ನ ಹಸ್ತಾಂತರ ಮಾಡಿದ್ದಾನಾ ಅನ್ನೋದರ ಮೇಲೆ. ಆ ಪತ್ರದ ನಕಲು ಸಂಘದಲ್ಲಿ ಇರಲಿ. ನನ್ನ ಕೇಳಿದ್ರೆ, ಸೈಟು ಹಂಚೋದೂ ಮನೆ ಕಟ್ಟೋಕೆ ಬಿಡೋದೂ ಬ್ಲಾಕ್ ಬ್ಲಾಕಾಗಿ ಆಗ್ಬೇಕು. ಹತ್ತು ಮನೆ ಹತ್ತು ರಸ್ತೆಗೆ ಚದುರಿದ್ರೆ ಪೈಪಿಗೂ ಕಷ್ಟ, ಬಸ್ಸಿಗೂ ಕಷ್ಟ, ಹಾಲಿನವನಿಗೂ ಕಷ್ಟ.

ಸೈಟು ನೋಡೋಕೆ ಹೋಗೋರು ಮಾಡೆಲ್ ಹೌಸ್ ಆಮೇಲೆ ನೋಡಿ. ಮೊದಲು ಲೇಔಟಿನ ತಗ್ಗಿನ ಮೂಲೆಗೆ ಹೋಗಿ, ಕೊನೇ ಮ್ಯಾನ್‌ಹೋಲಿನ ಮುಚ್ಚಳ ತೆಗೆಸಿ ಮೇಲಿಂದಲೇ ನೋಡಿ. ಅಲ್ಲಿಂದ ಪೈಪು ಜಲಮಂಡಳಿಯ ಮುಖ್ಯ ಲೈನಿಗೆ ಹೋಗುತ್ತಾ, ಎಸ್‌ಟಿಪಿಗೆ (ಕೊಳಚೆ ನೀರು ಶುದ್ಧೀಕರಣ ಘಟಕಕ್ಕೆ) ಹೋಗುತ್ತಾ, ಇಲ್ಲ ರಾಜಕಾಲುವೆ ದಡದಲ್ಲಿ ಬಾಯಿ ಬಿಟ್ಕೊಂಡು ನಿಂತಿದೆಯಾ? ಎಸ್‌ಟಿಪಿ ಅಂದ್ರೆ ಮೋಟಾರು ಓಡ್ತಿದೆಯಾ ಅಂತ ಕಿವಿಗೊಟ್ಟು ಕೇಳಿ, ಕರೆಂಟು ಬಿಲ್ಲು ಯಾರು ಕಟ್ತಾರೆ ಅಂತ ಬಾಯಿಬಿಟ್ಟು ಕೇಳಿ. ಅಡ್ವಾನ್ಸ್ ಮಾತು ಆಮೇಲೆ.