ಮೊದಲು ಮಾಲಿ, ಆಮೇಲೆ ಚಾಂಪಿಯನ್

ನಮಸ್ಕಾರ. ಗಾಲ್ಫ್ ಆಟಗಾರ ಓಲ್ಡ್ ಟಾಮ್ ಮಾರಿಸ್ ಅಂದ ಕೂಡಲೇ ಎಲ್ಲರೂ ಟ್ರೋಫಿ ಎಣಿಸಲು ಶುರು ಮಾಡುತ್ತಾರೆ. ಗಾಲ್ಫಿನ ದೊಡ್ಡ ಪಂದ್ಯಾವಳಿ ಓಪನ್ ಚಾಂಪಿಯನ್‌ಶಿಪ್ ನಾಲ್ಕು ಸಲ ಗೆದ್ದವರು: 1861, 1862, 1864, 1867. ಕೊನೆಯ ಸಲ ಗೆದ್ದಾಗ ವಯಸ್ಸು 46. ಅಷ್ಟು ವಯಸ್ಸಿನಲ್ಲಿ ಓಪನ್ ಗೆದ್ದವರು ಇವತ್ತಿಗೂ ಇನ್ನೊಬ್ಬರಿಲ್ಲ. ಎಲ್ಲ ಸರಿ. ಆದರೆ ನನ್ನ ಕಣ್ಣಿಗೆ ಅವರು ಮೊದಲು ಗಾಲ್ಫ್ ಮೈದಾನದ ಮಾಲಿ. ಇದನ್ನು ತುಂಬಾ ಗೌರವದಿಂದಲೇ ಹೇಳುತ್ತಿದ್ದೇನೆ.

ಹುಟ್ಟಿದ್ದು 1821ರಲ್ಲಿ, ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ. ಹುಡುಗನಾಗಿದ್ದಾಗಲೇ ಅಲನ್ ರಾಬರ್ಟ್‌ಸನ್ ಹತ್ತಿರ ಚೆಂಡು ಮಾಡುವ ಕೆಲಸಕ್ಕೆ ಸೇರಿದರು. ಆಗಿನ ಚೆಂಡು ಅಂದರೆ ಚರ್ಮದ ಸಣ್ಣ ಚೀಲ. ಒಂದು ಟೋಪಿ ತುಂಬುವಷ್ಟು ಪುಕ್ಕವನ್ನು ಅದರೊಳಗೆ ಒತ್ತಿ ಒತ್ತಿ ತುರುಕಬೇಕು. ದಿನವಿಡೀ ಕೂತರೂ ಕೆಲವೇ ಚೆಂಡು ಆಗುತ್ತಿದ್ದವು. ಅಷ್ಟರಲ್ಲಿ ಮಲಯಾ ಕಡೆಯ ಮರದ ಅಂಟಿನಿಂದ ಮಾಡಿದ ಗಟ್ಟಾ ಪರ್ಚಾ ಚೆಂಡು ಬಂತು. ಅಗ್ಗ, ಗಟ್ಟಿ. ಒಂದು ದಿನ ಆಡುವಾಗ ಟಾಮ್ ಆ ಚೆಂಡನ್ನು ಬಳಸಿದರು. ಯಜಮಾನರಿಗೆ ಸಿಟ್ಟು ಬಂತು, ಜಗಳವಾಯಿತು, ಟಾಮ್ ಹೊರಬಂದರು. ಅಲನ್ ಅವರನ್ನೂ ನಾನು ದೂರಲಾರೆ. ಅವರ ಅಂಗಡಿ ನಡೆಯುತ್ತಿದ್ದದ್ದೇ ಪುಕ್ಕದ ಚೆಂಡಿನಿಂದ ಅಲ್ವಾ?

1851ರಲ್ಲಿ ಟಾಮ್ ಸ್ಕಾಟ್ಲೆಂಡಿನದೇ ಇನ್ನೊಂದು ಊರು ಪ್ರೆಸ್ಟ್‌ವಿಕ್‌ಗೆ ಹೋದರು. ಅಲ್ಲಿ ಮರಳು ದಿಬ್ಬಗಳ ನಡುವೆ 12 ಹೋಲ್‌ಗಳ (ಚೆಂಡು ಬೀಳಿಸುವ ಕುಳಿಗಳ) ಕೋರ್ಸ್, ಅಂದರೆ ಗಾಲ್ಫ್ ಮೈದಾನ, ಮಾಡಿದರು. ಗುಡ್ಡ ಕಡಿಯುವ ಯಂತ್ರ ಇರಲಿಲ್ಲ, ನೆಲ ಹೇಗಿದೆಯೋ ಹಾಗೇ ಆಟ. 1860ರಲ್ಲಿ ಮೊದಲ ಓಪನ್ ನಡೆದದ್ದು ಇಲ್ಲೇ. ಆಡಿದವರು ಎಂಟೇ ಜನ. ಟಾಮ್ ಎರಡೇ ಹೊಡೆತ ಹೆಚ್ಚು ತೆಗೆದುಕೊಂಡು ವಿಲ್ಲಿ ಪಾರ್ಕ್ ಅವರಿಗೆ ಸೋತರು.

ಪ್ರೆಸ್ಟ್‌ವಿಕ್‌ನ ಒಂದು ಕತೆ ನನಗೆ ತುಂಬಾ ಇಷ್ಟ. ಒಮ್ಮೆ ಕೈಗಾಡಿಯಿಂದ ಮರಳು ಗ್ರೀನ್ ಮೇಲೆ, ಅಂದರೆ ಹೋಲ್ ಸುತ್ತಲಿನ ನುಣುಪು ಹುಲ್ಲಿನ ಮೇಲೆ, ಚೆಲ್ಲಿತಂತೆ. ಸ್ವಲ್ಪ ದಿನ ಬಿಟ್ಟು ನೋಡಿದರೆ ಅಲ್ಲಿ ಹುಲ್ಲು ಇನ್ನೂ ಚೆನ್ನಾಗಿ ಬಂದಿತ್ತಂತೆ. ಬೇರೆಯವರಾದರೆ ಗುಡಿಸಿ ಸುಮ್ನೆ ಇರುತ್ತಿದ್ದರು. ಟಾಮ್ ಅದನ್ನೇ ಪದ್ಧತಿ ಮಾಡಿಕೊಂಡರು. ಗ್ರೀನ್‌ಗೆ ತೆಳುವಾಗಿ ಮರಳು ಹಾಕುವುದು ಇಂದಿಗೂ ಎಲ್ಲ ಕಡೆ ನಡೆಯುತ್ತದೆ.

ಆಮೇಲೆ ಅಲ್ಲಿನ ಕೋರ್ಸ್ ನೋಡಿಕೊಳ್ಳಲು ಸೇಂಟ್ ಆಂಡ್ರೂಸ್‌ಗೆ ವಾಪಸ್. ಸಂಬಳ ವರ್ಷಕ್ಕೆ 50 ಪೌಂಡ್. ಮುಳ್ಳುಪೊದೆ ಕಡಿದು ಆಟದ ದಾರಿ ಅಗಲ ಮಾಡಿದರು, ಹೊಸ ಗ್ರೀನ್ ಕಟ್ಟಿದರು. ಸುಮಾರು ನಾಲ್ಕು ದಶಕ ಇದೇ ಕೆಲಸ. ಇನ್ನೊಂದು ಕಡೆ ಮ್ಯೂರ್‌ಫೀಲ್ಡ್, ಐರ್ಲೆಂಡಿನ ರಾಯಲ್ ಕೌಂಟಿ ಡೌನ್ ಹೀಗೆ ಎಷ್ಟೋ ಕೋರ್ಸ್‌ಗಳಿಗೆ ರೂಪ ಕೊಟ್ಟರು. ಅವರ ಹತ್ತಿರ ಕಲಿತ ಡೊನಾಲ್ಡ್ ರಾಸ್ ಮುಂದೆ ಅಮೆರಿಕಕ್ಕೆ ಹೋಗಿ ಪೈನ್‌ಹರ್ಸ್ಟ್ ನಂಬರ್ 2 ಎಂಬ ಕೋರ್ಸ್ ಮಾಡಿದರು.

ಈ ನಡುವೆ 1875 ಬಂತು. ಮಗ ಯಂಗ್ ಟಾಮ್ ಅಪ್ಪನಿಗಿಂತ ದೊಡ್ಡ ಆಟಗಾರ, ಅವನೂ ನಾಲ್ಕು ಓಪನ್ ಗೆದ್ದವನು. ಸೆಪ್ಟೆಂಬರ್‌ನಲ್ಲಿ ಅಪ್ಪ, ಮಗ ನಾರ್ತ್ ಬೆರಿಕ್‌ನಲ್ಲಿ ಆಡುತ್ತಿದ್ದಾಗ ತಂತಿ ಬಂತು. ಹೆರಿಗೆಯಲ್ಲಿ ಸೊಸೆಗೆ ಕಷ್ಟವಾಗಿದೆ ಎಂದು. ದೋಣಿ ಹಿಡಿದು ಸಮುದ್ರ ದಾಟಿ ಊರಿಗೆ ಹೋದರು. ತಾಯಿ, ಮಗು ಇಬ್ಬರೂ ಉಳಿಯಲಿಲ್ಲ. ಅದೇ ವರ್ಷ ಕ್ರಿಸ್‌ಮಸ್ ದಿನ ಯಂಗ್ ಟಾಮ್ ಕೂಡ ಹೋದ. 24 ವರ್ಷ. ಓಲ್ಡ್ ಟಾಮ್ ಇನ್ನೂ 32 ವರ್ಷ ಬದುಕಿದರು. ಉಳಿದ ಮಕ್ಕಳೂ ಅವರ ಕಣ್ಣೆದುರೇ ಹೋದರು. ಆ ಮನುಷ್ಯ ಮರುದಿನ ಬೆಳಗ್ಗೆ ಎದ್ದು ಹುಲ್ಲಿನ ಕಡೆ ಹೇಗೆ ನಡೆದರೋ! ನನಗೆ ಅವರ ನಾಲ್ಕು ಟ್ರೋಫಿಗಿಂತ ಇದೇ ಜಾಸ್ತಿ ದೊಡ್ಡದು.

ಭಾನುವಾರ ಕೋರ್ಸ್‌ಗೆ ರಜೆ ಬೇಕು ಎಂದು ಅವರು ಹಟ ಹಿಡಿದಿದ್ದರು. ಇವತ್ತಿಗೂ ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್‌ನಲ್ಲಿ, ದೊಡ್ಡ ಪಂದ್ಯ ಇಲ್ಲದ ಭಾನುವಾರ, ಗಾಲ್ಫ್ ಇಲ್ಲ. ಊರಿನ ಜನ ನಾಯಿ ಕರೆದುಕೊಂಡು ಅಲ್ಲಿ ಓಡಾಡುತ್ತಾರೆ. ಅಲ್ಲಿನ 18ನೇ ಹೋಲ್‌ನ ಹೆಸರು ಟಾಮ್ ಮಾರಿಸ್.