ಹಾರುವ ದೋಣಿಯಲ್ಲಿ ಅಷ್ಟೊಂದು ಜಾಗ ಎಲ್ಲಿಂದ ಬಂತು?

[ಪರದೆ: ಎಂಪೈರ್ ಫ್ಲೈಯಿಂಗ್ ಬೋಟ್ ಒಳಗಿನ ಕಪ್ಪು-ಬಿಳುಪು ಚಿತ್ರ. ಕಿಟಕಿ ಪಕ್ಕದ ಕಂಬಿಗೆ ಮೊಣಕೈ ಊರಿ ನಿಂತಿರುವ ಪ್ರಯಾಣಿಕರು.]

ನಮಸ್ಕಾರ. ನೀರಿನಿಂದಲೇ ಏರಿ ನೀರಿಗೇ ಇಳೀತಿದ್ದ ಫ್ಲೈಯಿಂಗ್ ಬೋಟ್, ಅಂದರೆ ಹಾರುವ ದೋಣಿಯ ಈ ಥರದ ಚಿತ್ರ ನಿಮ್ಮ ಫೋನಿಗೂ ಬಂದಿರುತ್ತೆ. ಕೆಳಗೆ ಒಂದು ಸಾಲು ಇದ್ದೇ ಇರುತ್ತೆ: "ಆಗಿನ ವಿಮಾನ ನೋಡಿ, ಈಗ ಕಾಲು ಚಾಚೋಕೂ ಜಾಗ ಇಲ್ಲ." ಚಿತ್ರ ನಿಜ. ಎದ್ದು ಓಡಾಡೋಕೆ ಜಾಗ ಇತ್ತು, ಸಿಗರೇಟ್ ಸೇದೋಕೆ ಬೇರೆ ಕ್ಯಾಬಿನ್ ಇತ್ತು. ಆದರೆ ಅಷ್ಟು ಜಾಗ ಕೊಟ್ಟಿದ್ದು ಕಂಪನಿಯವರ ಧಾರಾಳತನ ಅಲ್ಲ, ನೀರು. ಅದು ಹೇಗೆ ಅಂತ ಇವತ್ತು ಬಿಡಿಸಿ ನೋಡೋಣ.

[ಪರದೆ: ಶಾರ್ಟ್ ಎಸ್.23, ಪಕ್ಕದಿಂದ. ಅಳತೆಗಳು ಒಂದೊಂದಾಗಿ ಮೂಡಲಿ.]

ನಮ್ಮ ಉದಾಹರಣೆ ಶಾರ್ಟ್ ಎಸ್.23, ಚಿತ್ರದಲ್ಲಿ ನೋಡಿದ ಎಂಪೈರ್ ಫ್ಲೈಯಿಂಗ್ ಬೋಟ್ ಇದೇ. ಬ್ರಿಟನ್ನಿನ ಇಂಪೀರಿಯಲ್ ಏರ್‌ವೇಸ್‌ಗಾಗಿ ಆರ್ಥರ್ ಗೂಜ್ ವಿನ್ಯಾಸ ಮಾಡಿದ್ದು, ಮೊದಲು ಹಾರಿದ್ದು 1936ರ ಜುಲೈಯಲ್ಲಿ. ರೆಕ್ಕೆಯ ತುದಿಯಿಂದ ತುದಿಗೆ 114 ಅಡಿ, ಉದ್ದ 88 ಅಡಿ, ಒಂದೊಂದೂ 920 ಅಶ್ವಶಕ್ತಿಯ ನಾಲ್ಕು ಬ್ರಿಸ್ಟಲ್ ಪೆಗಾಸಸ್ ಎಂಜಿನ್.

ಇದು ಕೆಳಗೆ ತೇಲುಬುಡ್ಡೆ ಕಟ್ಟಿದ ವಿಮಾನ ಅಲ್ಲ, ವಿಮಾನದ ಒಡಲೇ ದೋಣಿ. ನೀರಿನ ಮೇಲೆ ಓಡುವಾಗ ಮೂತಿಯಿಂದ ಎರಡೂ ಕಡೆ ನೀರು ಎರಚುತ್ತೆ. ಆ ನೀರು ತಿರುಗೋ ಪ್ರೊಪೆಲ್ಲರ್‌ಗೆ ಬಡಿದರೆ ಅಲಗು ಸವೆದು ಹಾಳಾಗುತ್ತೆ. ಹಾಗಾಗಿ ರೆಕ್ಕೆ, ಎಂಜಿನ್ ಎಲ್ಲ ನೀರಿನಿಂದ ಸಾಕಷ್ಟು ಮೇಲಿರಬೇಕು. ರೆಕ್ಕೆ ಮೇಲೆ ಹೋಗಬೇಕು ಅಂದರೆ ಒಡಲು ಎತ್ತರ ಆಗಬೇಕು. ಎಸ್.23ರ ಒಡಲಿನ ಎತ್ತರ ಸುಮಾರು 17 ಅಡಿ, ಎರಡು ಅಂತಸ್ತಿಗೆ ಬೇಕಾಗಿದ್ದಕ್ಕಿಂತಲೂ ಜಾಸ್ತಿ.

ಜಾಗ ಸಿಕ್ಕಿತು. ತುಂಬಿಸೋಣ ಅಂದರೆ ತೂಕ ಬಿಡ್ತಿರಲಿಲ್ಲ. ಖಾಲಿ ವಿಮಾನವೇ ಸುಮಾರು 10.7 ಟನ್, ಹಾರೋಕೆ ಗರಿಷ್ಠ ಮಿತಿ 18.4 ಟನ್. ನಡುವಿನ ಏಳೂಮುಕ್ಕಾಲು ಟನ್ನಿನಲ್ಲಿ ಎರಡು ಟನ್ನಿಗೂ ಮಿಕ್ಕಿ ಪೆಟ್ರೋಲು. ಆಮೇಲೆ ಎಂಜಿನ್ ಆಯಿಲ್, ಐದು ಜನ ಸಿಬ್ಬಂದಿ, ಊಟ, ಹಾಸಿಗೆ, ಲಂಗರು, ಹಗ್ಗ. ಅದಾದ ಮೇಲೆ ಅಂಚೆ ಚೀಲಗಳು.

ಅಂಚೆ ಇಲ್ಲಿ ಮುಖ್ಯ. ಬ್ರಿಟಿಷ್ ಸಾಮ್ರಾಜ್ಯದ ಒಳಗಿನ ಕಾಗದಗಳನ್ನ ಅರ್ಧ ಔನ್ಸಿಗೆ ಒಂದೂವರೆ ಪೆನ್ನಿ ದರದಲ್ಲಿ, ವಿಮಾನಕ್ಕೆ ಅಂತ ಹೆಚ್ಚುವರಿ ಶುಲ್ಕ ಇಲ್ಲದೆ ಸಾಗಿಸೋ ಯೋಜನೆ 1937ರಲ್ಲಿ ಶುರುವಾಗಿ, 1938ರಲ್ಲಿ ಭಾರತ, ಆಸ್ಟ್ರೇಲಿಯಾಗಳಿಗೂ ಬಂತು. ಈ ದೋಣಿಗಳಿಗೆ ಆರ್ಡರ್ ಕೊಟ್ಟಿದ್ದೇ ಆ ಅಂಚೆಯನ್ನ ನೆಚ್ಚಿಕೊಂಡು. ಕಾಕ್‌ಪಿಟ್ ಹಿಂದಿನ ಮೇಲಂತಸ್ತು ಅಂಚೆಗೆ ಮೀಸಲು. ಜನರಿಗೆ ಕೆಳಗೆ 24 ಸೀಟು: ಮುಂದೆ ಧೂಮಪಾನದ ಕ್ಯಾಬಿನ್‌ನಲ್ಲಿ 7, ಅಡುಗೆಕೋಣೆ ಮತ್ತು ಶೌಚಾಲಯ ದಾಟಿದ ಮೇಲೆ ನಡುವಿನ ಕ್ಯಾಬಿನ್‌ನಲ್ಲಿ 3, ಓಡಾಡೋಕೆ ಜಾಗ ಇದ್ದ ಪ್ರಾಮೆನೇಡ್ ಕ್ಯಾಬಿನ್‌ನಲ್ಲಿ 8, ಹಿಂದೆ 6. ದೂರದ ಮಾರ್ಗದಲ್ಲಿ ಆ 24 ಕೂಡ ತುಂಬಿಸ್ತಿರಲಿಲ್ಲ. ಕಂಬಿಗೆ ಒರಗಿ ನಿಂತವರ ಪಕ್ಕ ಇನ್ನೊಂದು ಸಾಲು ಸೀಟು ಹಾಕಬಹುದಿತ್ತು. ಅದರಲ್ಲಿ ಕೂರುವವರನ್ನ ನೀರಿನಿಂದ ಮೇಲೆತ್ತೋ ಶಕ್ತಿ ಎಂಜಿನ್ನಿಗೆ ಇರಲಿಲ್ಲ.

ಅಮೆರಿಕದ ಪ್ಯಾನ್ ಆಮ್ ಕತೆಯೂ ಅದೇ. ಅವರ ಬೋಯಿಂಗ್ 314 ಇದಕ್ಕಿಂತ ತುಂಬಾ ದೊಡ್ಡದು, 38 ಟನ್. ಹಗಲಿಗೆ 74 ಸೀಟು, ರಾತ್ರಿ ಮಲಗೋಕೆ 36 ಜನಕ್ಕೆ ವ್ಯವಸ್ಥೆ. 1939ರ ಜೂನ್ 28ರಂದು ಅಟ್ಲಾಂಟಿಕ್ ದಾಟೋ ಮೊದಲ ಪ್ರಯಾಣಿಕ ವಿಮಾನ ಸೇವೆ ಹೊರಟಾಗ ಅದರಲ್ಲಿದ್ದವರು 22 ಜನ. ನ್ಯೂಯಾರ್ಕಿನಿಂದ ಯುರೋಪಿಗೆ ಹೋಗಿಬರೋ ಟಿಕೆಟ್ 675 ಡಾಲರ್, ಆಗ ಹೆಚ್ಚುಕಡಿಮೆ ಒಂದು ಹೊಸ ಫೋರ್ಡ್ ಕಾರಿನ ಬೆಲೆ.

[ಪರದೆ: ಸೌತಾಂಪ್ಟನ್‌ನಿಂದ ಸಿಡ್ನಿವರೆಗಿನ ನಕ್ಷೆ. ನಿಲ್ದಾಣಗಳು ಒಂದಾದ ಮೇಲೊಂದು ಬೆಳಗಲಿ.]

ಈಗ ಮಾರ್ಗ ನೋಡಿ. 1938ರಲ್ಲಿ ಸೌತಾಂಪ್ಟನ್‌ನಿಂದ ಸಿಡ್ನಿಗೆ 9ರಿಂದ 10 ದಿನ. ಒಮ್ಮೆ ಪೆಟ್ರೋಲ್ ತುಂಬಿಸಿದರೆ ಹೋಗಬಹುದಾಗಿದ್ದು ಸುಮಾರು 1,200 ಕಿ.ಮೀ., ವೇಗ ಗಂಟೆಗೆ ಸುಮಾರು 265 ಕಿ.ಮೀ. ಅಂದಮೇಲೆ ನೀರಿದ್ದ ಕಡೆಯೆಲ್ಲ ಇಳಿಯಬೇಕು. ಮಾರ್ಸೇಲ್ಸ್, ರೋಮ್ ಹತ್ತಿರದ ಬ್ರಾಚಿಯಾನೋ ಸರೋವರ, ಅಥೆನ್ಸ್, ಅಲೆಕ್ಸಾಂಡ್ರಿಯಾ, ಗೆಲಿಲೀ ಸರೋವರ, ಇರಾಕಿನ ಹಬ್ಬಾನಿಯಾ, ಬಸ್ರಾ, ಬಹ್ರೇನ್, ಕರಾಚಿ. ಕರಾಚಿಯಿಂದ ಈಚೆ ಉದಯಪುರದ ಉತ್ತರಕ್ಕಿರೋ ರಾಜಸಮಂದ್ ಕೆರೆ, ಗ್ವಾಲಿಯರ್, ಅಲಹಾಬಾದ್, ಕಲ್ಕತ್ತದಲ್ಲಿ ಹೂಗ್ಲಿ ನದಿ. ಮಹಾರಾಣಾ ರಾಜಸಿಂಗ್ 17ನೇ ಶತಮಾನದಲ್ಲಿ ಕಟ್ಟಿಸಿದ ಕೆರೆ ಲಂಡನ್–ಸಿಡ್ನಿ ಮಾರ್ಗದ ವಿಮಾನ ನಿಲ್ದಾಣ ಆಗಿತ್ತು! ಆಮೇಲೆ ರಂಗೂನ್, ಬ್ಯಾಂಕಾಕ್, ಪೆನಾಂಗ್, ಸಿಂಗಾಪುರ. ಅಲ್ಲಿಂದ ಮುಂದಕ್ಕೆ ಆಸ್ಟ್ರೇಲಿಯಾದ ವಿಮಾನ ಕಂಪನಿ ಕ್ವಾಂಟಾಸ್‌ನ ಸಿಬ್ಬಂದಿ.

ರಾತ್ರಿ ಸಾಮಾನ್ಯವಾಗಿ ದಡದ ಹೋಟೆಲಿನಲ್ಲಿ. ಕತ್ತಲಲ್ಲಿ ನೀರಿಗೆ ಇಳಿಸೋದು ಅಪಾಯ, ದೀಪ ಹಚ್ಚಿದ ದೋಣಿಗಳನ್ನ ಸಾಲಾಗಿ ನಿಲ್ಲಿಸಿ ದಾರಿ ತೋರಿಸಬೇಕು. ಹಾಗಾಗಿ ಕತ್ತಲಿರುವಾಗಲೇ ಎಬ್ಬಿಸ್ತಿದ್ರು, ಲಾಂಚ್ ಅನ್ನೋ ಸಣ್ಣ ಮೋಟಾರು ದೋಣಿ ಹತ್ತಿಸಿ ವಿಮಾನಕ್ಕೆ ತಲುಪಿಸ್ತಿದ್ರು. ಮಧ್ಯೆ ಎಲ್ಲಿ ಇಳಿದರೂ ಮತ್ತೆ ಲಾಂಚ್, ಪೆಟ್ರೋಲೂ ದೋಣಿಯಲ್ಲೇ ಬರಬೇಕು.

[ಪರದೆ: ಮೂತಿಯ ಕಿಂಡಿ ತೆರೆದು, ಕೊಕ್ಕೆ ಕೋಲು ಹಿಡಿದು ನಿಂತ ಸಿಬ್ಬಂದಿ. ನಿಧಾನ ಚಲನೆ.]

ಒಂದು ಇಳಿತವನ್ನ ಹತ್ತಿರದಿಂದ ನೋಡೋಣ. ಮೊದಲು ಲಾಂಚ್ ಹೋಗಿ ತೇಲೋ ಮರದ ದಿಮ್ಮಿ, ಮೀನುಗಾರರ ದೋಣಿ ಏನಾದರೂ ಅಡ್ಡ ಇದೆಯಾ ಅಂತ ದಾರಿ ಪರೀಕ್ಷಿಸಬೇಕು. ನೀರು ಕನ್ನಡಿ ಥರ ನಿಶ್ಚಲವಾಗಿದ್ದರೆ ಪೈಲಟ್‌ಗೆ ಎತ್ತರ ಅಂದಾಜಾಗಲ್ಲ, ನೀರು ಹತ್ತು ಅಡಿ ಕೆಳಗಿದೆಯೋ ಐವತ್ತೋ ಕಣ್ಣಿಗೆ ತಿಳಿಯಲ್ಲ. ಆಗ ಸ್ವಲ್ಪ ಎಂಜಿನ್ ಶಕ್ತಿ ಉಳಿಸಿಕೊಂಡು, ಒಂದೇ ಸಮನೆ ನಿಧಾನವಾಗಿ ಇಳೀತಾ, ಒಡಲು ತಾನಾಗೇ ನೀರು ಮುಟ್ಟೋವರೆಗೂ ಕಾಯಬೇಕು. ಇಳಿದ ಮೇಲೆ ಬ್ರೇಕ್ ಇಲ್ಲ. ಹೊರಗಿನ ಎರಡು ಎಂಜಿನ್‌ಗಳನ್ನ ಹೆಚ್ಚುಕಡಿಮೆ ಮಾಡಿ ತಿರುಗಿಸಬೇಕು, ವೇಗ ಇಳಿಸೋಕೆ ಡ್ರೋಗ್ ಅನ್ನೋ ಬಟ್ಟೆ ಚೀಲವನ್ನ ಪಕ್ಕದಿಂದ ನೀರಿಗೆ ಬಿಡಬೇಕು. ಮೂತಿಯಲ್ಲಿ ನಿಂತವನು, ವಿಮಾನ ಕಟ್ಟೋಕೆ ಅಂತ ನೀರಲ್ಲಿ ನಿಲ್ಲಿಸಿರೋ ತೇಲುಬುಡ್ಡೆಯ ಹಗ್ಗವನ್ನ ಕೊಕ್ಕೆಯಿಂದ ಎಳೆದು ಕಟ್ಟಬೇಕು, ಅವನ ಬೆನ್ನ ಹಿಂದೆ ಪ್ರೊಪೆಲ್ಲರ್ ತಿರುಗ್ತಾ ಇರುತ್ತೆ. ಕೊಕ್ಕೆ ತಪ್ಪಿದರೆ ಗಾಳಿ ದೋಣಿಯನ್ನ ತಳ್ಳಿಕೊಂಡು ಹೋಗುತ್ತೆ, ಸುತ್ತು ಹಾಕಿ ಮತ್ತೆ ಬರಬೇಕು.

ಏರೋದು ಇನ್ನೂ ಕಷ್ಟ. ಒಡಲಿನ ತಳದಲ್ಲಿ ಅಡ್ಡಕ್ಕೆ ಒಂದು ಮೆಟ್ಟಿಲು ಕತ್ತರಿಸಿರ್ತಾರೆ. ವೇಗ ಹೆಚ್ಚಿದ ಹಾಗೆ ದೋಣಿ ನೀರಿನ ಮೇಲಕ್ಕೆದ್ದು ಆ ಮೆಟ್ಟಿಲ ಮೇಲೆ ಜಾರುತ್ತೆ, ಹಿಂಭಾಗಕ್ಕೆ ನೀರಿನ ಹಿಡಿತ ತಪ್ಪುತ್ತೆ. ನೀರು ತೀರಾ ಶಾಂತವಾಗಿದ್ದರೆ ಈ ಹಿಡಿತ ಬೇಗ ಬಿಡಲ್ಲ, ಅದಕ್ಕೇ ಕೆಲವೊಮ್ಮೆ ಲಾಂಚ್ ಮುಂದೆ ಓಡಿಸಿ ಬೇಕಂತಲೇ ಅಲೆ ಎಬ್ಬಿಸ್ತಿದ್ರು. ಮೂತಿಯ ಕೋನ ತಪ್ಪಿದರೆ, ಕೆರೆ ಮೇಲೆ ಎಸೆದ ಚಪ್ಪಟೆ ಕಲ್ಲಿನ ಹಾಗೆ ವಿಮಾನ ಪುಟಿಯೋಕೆ ಶುರುವಾಗುತ್ತೆ, ಒಂದೊಂದು ಪುಟಿತವೂ ಹಿಂದಿನದಕ್ಕಿಂತ ಜೋರು. 1937ರ ಡಿಸೆಂಬರ್‌ನಲ್ಲಿ ಇಟಲಿಯ ಬ್ರಿಂಡಿಸಿಯಲ್ಲಿ 'ಸಿಗ್ನಸ್' ದೋಣಿ ಹೀಗೇ ನಾಶವಾಯ್ತು. ರೆಕ್ಕೆಯ ಹಿಂಚಿನಲ್ಲಿ ಕೆಳಕ್ಕೆ ಬಾಗಿಸೋ ಹಲಗೆಗಳನ್ನ, ಅಂದರೆ ಫ್ಲಾಪ್‌ಗಳನ್ನ ತಪ್ಪಾಗಿ ಇಟ್ಟಿದ್ದರು, ಇಬ್ಬರು ಸತ್ತರು. 1939ರ ಜನವರಿಯಲ್ಲಿ ನ್ಯೂಯಾರ್ಕಿನಿಂದ ಬರ್ಮುಡಾಕ್ಕೆ ಹೊರಟ 'ಕ್ಯಾವಲಿಯರ್'ನ ಕಾರ್ಬ್ಯುರೇಟರ್‌ಗಳಲ್ಲಿ ಮಂಜುಗಡ್ಡೆ ಕಟ್ಟಿ ಎಂಜಿನ್ ಸೋತು, ಅದು ತೆರೆದ ಸಮುದ್ರಕ್ಕೆ ಇಳಿದು ಮುಳುಗಿತು. ಮೂವರು ಸತ್ತರು. ಉಳಿದ ಹತ್ತು ಜನ ಸುಮಾರು ಹತ್ತು ಗಂಟೆ ನೀರಿನಲ್ಲಿದ್ದ ಮೇಲೆ ಒಂದು ತೈಲ ಹಡಗು ಬಂದು ಎತ್ತಿಕೊಂಡಿತು. ದೋಣಿ ಆಕಾರ ಇದ್ದ ಮಾತ್ರಕ್ಕೆ ಎಲ್ಲಿ ಬೇಕಾದರೂ ಇಳಿಬಹುದು ಅನ್ನೋ ನಂಬಿಕೆ ತಪ್ಪು. ಒಡಲು ಮಾಡಿದ್ದು ಬಂದರು, ಸರೋವರಗಳ ನೀರಿಗೆ, ಸಾಗರದ ಉಬ್ಬರಕ್ಕಲ್ಲ. ಅಷ್ಟು ದೊಡ್ಡ ಬೋಯಿಂಗ್ 314 ಕೂಡ, ಅಝೋರ್ಸ್ ದ್ವೀಪದ ಹೊರ್ಟಾದಲ್ಲಿ ಅಲೆ ಸುಮಾರು ಮೂರು ಅಡಿ ದಾಟಿದರೆ ಏರೋ ಹಾಗಿರಲಿಲ್ಲ. ಕಡಲು ತಣಿಯೋವರೆಗೂ ಪ್ರಯಾಣಿಕರು ದಿನಗಟ್ಟಲೆ ಕಾಯ್ತಿದ್ರು.

ಕ್ಯಾಬಿನ್‌ನಲ್ಲಿ ಗಾಳಿಯ ಒತ್ತಡ ಕಾಪಾಡೋ ವ್ಯವಸ್ಥೆಯೂ ಇರಲಿಲ್ಲ. ಕೆಲವು ಸಾವಿರ ಅಡಿ ಎತ್ತರದಲ್ಲೇ, ಮೋಡ-ಮಳೆಯ ಮಧ್ಯೆಯೇ ಹೋಗಬೇಕು. ಕುಲುಕಾಟ, ವಾಂತಿ, ಕಿವಿನೋವು. ಚಿತ್ರದಲ್ಲಿ ಇದ್ಯಾವುದೂ ಕಾಣಲ್ಲ.

[ಪರದೆ: ಕೆಎಲ್‌ಎಂ ಡಿಸಿ-3, ಜೋಧಪುರ.]

ಹಾಗಾದರೆ ನೀರೇ ಯಾಕೆ ಬೇಕಿತ್ತು? ಆಗಿನ ನಿಲ್ದಾಣಗಳು ಬಹುಪಾಲು ಹುಲ್ಲು ಬಯಲು, ಮಳೆಗಾಲದಲ್ಲಿ ಕೆಸರು. 18 ಟನ್ನಿನ ವಿಮಾನಕ್ಕೆ ಬೇಕಾದ ಉದ್ದನೆ ರನ್‌ವೇ ಅಪರೂಪ, ನೀರು ಮಾತ್ರ ಎಷ್ಟು ಬೇಕಾದರೂ ಇತ್ತು. ಅದೊಂದೇ ದಾರಿ ಆಗಿತ್ತು ಅಂತ ಮಾತ್ರ ನಾವು ಹೇಳಲ್ಲ. ಅದೇ ಕಾಲದಲ್ಲಿ ಡಚ್ಚರ ಕೆಎಲ್‌ಎಂ ಚಕ್ರದ ಡಿಸಿ-3 ಇಟ್ಟುಕೊಂಡು, ಜೋಧಪುರ, ಅಲಹಾಬಾದ್ ಮೇಲೆ ಆಮ್‌ಸ್ಟರ್‌ಡ್ಯಾಮಿನಿಂದ ಬಟಾವಿಯಾಕ್ಕೆ (ಈಗಿನ ಜಕಾರ್ತ) ಆರು ದಿನದೊಳಗೆ ಮುಟ್ಟಿಸ್ತಿತ್ತು. ನಮ್ಮ ಅಭಿಪ್ರಾಯದಲ್ಲಿ ಫ್ಲೈಯಿಂಗ್ ಬೋಟ್‌ನ ಸೋಲು ಅಲ್ಲೇ ಬರೆದಿತ್ತು. ಮಹಾಯುದ್ಧ ಅದನ್ನ ಬೇಗ ಮುಗಿಸಿತು ಅಷ್ಟೆ.

ಯುದ್ಧದಲ್ಲಿ ಜಗತ್ತಿನ ತುಂಬ ಕಾಂಕ್ರೀಟ್ ರನ್‌ವೇಗಳು ಬಂದವು. ನೀರಿಗಾಗಿ ಮಾಡಿದ ಆಳದ ಒಡಲು ಗಾಳಿಯಲ್ಲಿ ಹೊರೆ, ಉಪ್ಪುನೀರು ತಗಡನ್ನ ತಿನ್ನೋದರಿಂದ ಸಿಹಿನೀರಲ್ಲಿ ತೊಳೀತಾನೇ ಇರಬೇಕು. ಇಂಪೀರಿಯಲ್ ಏರ್‌ವೇಸ್ ಜಾಗಕ್ಕೆ ಬಂದ ಬ್ರಿಟನ್ನಿನ ವಿಮಾನ ಕಂಪನಿ ಬಿಒಎಸಿ 1950ರಲ್ಲಿ ಇವುಗಳನ್ನ ನಿಲ್ಲಿಸಿತು. ಅಂದಹಾಗೆ, ಯುದ್ಧಕಾಲದಲ್ಲಿ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ದುರಸ್ತಿಗೆ ಬರ್ತಿದ್ದ ಕ್ಯಾಟಲೀನಾ ಫ್ಲೈಯಿಂಗ್ ಬೋಟ್‌ಗಳು ಇಳೀತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ.

[ಪರದೆ: ಎಡಕ್ಕೆ ಕ್ಯಾಟಲೀನಾ, ಬಲಕ್ಕೆ ಬೋಯಿಂಗ್ 787-9.]

ಇವತ್ತಿನ ಜೊತೆ ಹೋಲಿಸೋಕೆ ಒಂದೇ ಊರು ಸಾಕು, ಪರ್ತ್. 1943ರಿಂದ ಕ್ವಾಂಟಾಸ್ ಕ್ಯಾಟಲೀನಾಗಳು ಪರ್ತ್‌ನಿಂದ ಸಿಂಹಳದ ಕೊಗ್ಗಲ ಸರೋವರಕ್ಕೆ, 5,600 ಕಿ.ಮೀ.ಗೂ ಹೆಚ್ಚು ದೂರ, ಎಲ್ಲೂ ನಿಲ್ಲದೆ 27ರಿಂದ 33 ಗಂಟೆ ಹಾರ್ತಿದ್ವು. ಒಂದೇ ಹಾರಾಟದಲ್ಲಿ ಎರಡು ಸೂರ್ಯೋದಯ. ತುಂಬಿದ್ದೆಲ್ಲ ಪೆಟ್ರೋಲೇ, ಪ್ರಯಾಣಿಕರಿಗೆ ಜಾಗ ಮೂರು. 2018ರಿಂದ ಅದೇ ಪರ್ತ್‌ನಿಂದ ಅದೇ ಕ್ವಾಂಟಾಸ್‌ನ 787-9 ಲಂಡನ್‌ಗೆ, ಸುಮಾರು 14,500 ಕಿ.ಮೀ. ದೂರವನ್ನ 17 ಗಂಟೆಯ ಆಸುಪಾಸಿನಲ್ಲಿ ದಾಟುತ್ತೆ, 236 ಸೀಟು. ಹೊರಗೆ 40,000 ಅಡಿ ಇದ್ದರೂ ಒಳಗಿನ ಒತ್ತಡ 6,000 ಅಡಿ ಎತ್ತರದ್ದು. ಇಲ್ಲಿ ತೂಕವೂ ಸಿಗುತ್ತೆ, ಜಾಗವೂ ಸಿಗುತ್ತೆ, ಕಂಪನಿಗಳು ಎರಡನ್ನೂ ಮಾರುತ್ತವೆ. ಕಾಲು ಚಾಚೋ ಜಾಗ ಹೋಗಿದ್ದು ಹೀಗೆ. ಟಿಕೆಟ್ ಕಾರಿನ ಬೆಲೆಯಿಂದ ಕೆಳಗಿಳಿದಿದ್ದೂ ಅದರಿಂದಲೇ.

ನೀರಿನಿಂದ ಏರೋ ಅನುಭವ ಬೇಕು ಅನ್ನೋರಿಗೆ ಹತ್ತಿರದ ದಾರಿ ಮಾಲ್ಡೀವ್ಸ್. ಅಲ್ಲಿರೋದು ಫ್ಲೈಯಿಂಗ್ ಬೋಟ್ ಅಲ್ಲ, ತೇಲುಬುಡ್ಡೆ ಕಟ್ಟಿದ ಟ್ವಿನ್ ಆಟರ್, ಆದರೂ ಹಳೇ ನಿಯಮಗಳು ಹಾಗೇ ಇವೆ. ಹಾರಾಟ ಹಗಲಲ್ಲಿ ಮಾತ್ರ. ನಿಮ್ಮ ವಿಮಾನ ಮಾಲೆಗೆ ಮಧ್ಯಾಹ್ನ ಮೂರೂವರೆಯೊಳಗೆ ಮುಟ್ಟೋ ಹಾಗೆ ಬುಕ್ ಮಾಡಿ, ತಡವಾದರೆ ಆ ರಾತ್ರಿ ಅಲ್ಲೇ ಉಳಿಯಬೇಕಾಗಬಹುದು. ಲಗೇಜ್ ಸಾಮಾನ್ಯವಾಗಿ 20 ಕಿಲೋ, ಕೈಚೀಲ 5 ಕಿಲೋ. ಎರಡನ್ನೂ ತೂಗ್ತಾರೆ, ಹೆಚ್ಚಾದರೆ ದುಡ್ಡು ಕಟ್ಟಬೇಕು.