ಮೀನೆಣ್ಣೆ ಮಾತ್ರೆಯನ್ನು ಕತ್ತರಿಸಿ ಮೂಸಿ ನೋಡಿ: ಬೊಜ್ಜು, ಒಮೆಗಾ-3 ಮತ್ತು ಆಕ್ಸಿಡೇಟಿವ್ ಸ್ಟ್ರೆಸ್

[ದೃಶ್ಯ: ಕುಂಬಳೆ ಪೇಟೆಯಲ್ಲಿ ಮೀನಿನ ಬುಟ್ಟಿ, ತುಂಬ ಬೂತಾಯಿ. ಮುಂದಿನ ಶಾಟ್‌ನಲ್ಲಿ ಮೆಡಿಕಲ್ ಶಾಪಿನ ಗಾಜಿನ ಕಪಾಟು.]

ನಿರೂಪಣೆ: ನಾವು ಬೂತಾಯಿ ಅಂತೇವೆ, ಪಕ್ಕದ ಮನೆಯವರು ಮತ್ತಿ ಅಂತಾರೆ. ಕಪಾಟಿನ ಡಬ್ಬಿಯಲ್ಲಿರುವ ಎಣ್ಣೆಯೂ ಹೆಚ್ಚಾಗಿ ಇಂಥ ಸಣ್ಣ ಮೀನುಗಳದ್ದೇ. ಬೊಜ್ಜು ಇದ್ದವರು ಇದನ್ನು ನುಂಗಿದರೆ ಆಕ್ಸಿಡೇಟಿವ್ ಸ್ಟ್ರೆಸ್ ಇಳಿಯುತ್ತದೆ ಎಂಬ ಮಾತು ಪೂರ್ತಿ ಸುಳ್ಳಲ್ಲ. ತೊಡಕು ಬೇರೆಡೆ ಇದೆ. ಗಾಳಿ ತಾಗಿದರೆ ಇಷ್ಟು ಬೇಗ ಕೆಡುವ ಎಣ್ಣೆಗಳು ಕಡಿಮೆ.

[ಗ್ರಾಫಿಕ್: ಉಬ್ಬುತ್ತಿರುವ ಕೊಬ್ಬಿನ ಕೋಶ]

ಕೊಬ್ಬಿನ ಕೋಶ ತುಂಬಿ ಉಬ್ಬಿದ ಹಾಗೆ ಅಲ್ಲಿಗೆ ಆಮ್ಲಜನಕ ಸಾಕಷ್ಟು ಮುಟ್ಟುವುದಿಲ್ಲ. ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ಬಂದು ಸೇರಿ ಉರಿಯೂತ ಶುರುವಾಗುತ್ತದೆ. ಎನ್‌ಎಡಿಪಿಎಚ್ ಆಕ್ಸಿಡೇಸ್ ಕಿಣ್ವ ಚುರುಕಾಗಿ, ಕೋಶಗಳಿಗೆ ಹಾನಿ ಮಾಡಬಲ್ಲ ಸೂಪರಾಕ್ಸೈಡ್ ತಯಾರಿಸುತ್ತದೆ. ಇತ್ತ ಕೋಶದೊಳಗೆ ಇಂಧನ ಸುಡುವ ಮೈಟೋಕಾಂಡ್ರಿಯಕ್ಕೆ ಸುಡಲಾರದಷ್ಟು ಇಂಧನ ಬಂದು ಎಲೆಕ್ಟ್ರಾನ್ ಸೋರಿ, ಅಲ್ಲೂ ಸೂಪರಾಕ್ಸೈಡ್ ಹುಟ್ಟುತ್ತದೆ. ದೇಹ ಸುಧಾರಿಸಬಲ್ಲದ್ದಕ್ಕಿಂತ ಈ ಉತ್ಪತ್ತಿ ಹೆಚ್ಚಾದಾಗ ಅದೇ ಆಕ್ಸಿಡೇಟಿವ್ ಸ್ಟ್ರೆಸ್. ಸಂಶೋಧಕರು ಇದನ್ನು, ದೇಹದ ಕೊಬ್ಬು ಆಕ್ಸಿಡೀಕರಣಗೊಂಡಾಗ ಹುಟ್ಟಿ ಮೂತ್ರದಲ್ಲಿ ಸಿಗುವ ಎಫ್2-ಐಸೊಪ್ರೊಸ್ಟೇನ್‌ನಿಂದ ಅಳೆಯುತ್ತಾರೆ. ಮನೆಮಟ್ಟಿಗೆ ಟೈಲರ್ ಟೇಪು ಸಾಕು: ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ನಮ್ಮಂಥ ಭಾರತೀಯರು ಎಚ್ಚರಾಗಬೇಕು.

[ದೃಶ್ಯ: ಡಬ್ಬಿಯ ಹಿಂಬದಿ, ಸಣ್ಣ ಅಕ್ಷರಗಳ ಕ್ಲೋಸಪ್]

ಮುಂಬದಿಯಲ್ಲಿ ದಪ್ಪಕ್ಷರದಲ್ಲಿ 1000 ಮಿಲಿಗ್ರಾಂ ಎಂದಿದ್ದರೆ ಅದು ಎಣ್ಣೆಯ ಒಟ್ಟು ತೂಕ. ಬೇಕಾದದ್ದು ಹಿಂಬದಿಯಲ್ಲಿದೆ. ಸಾಮಾನ್ಯ ಮಾತ್ರೆಯಲ್ಲಿ ಒಮೆಗಾ-3 ಕೊಬ್ಬಿನಾಮ್ಲಗಳಾದ ಇಪಿಎ 180, ಡಿಎಚ್‌ಎ 120, ಕೂಡಿಸಿದರೆ 300 ಮಿಲಿಗ್ರಾಂ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ತೂಕ ಹೆಚ್ಚಿದ್ದ ಗಂಡಸರಿಗೆ ದಿನಕ್ಕೆ 4 ಗ್ರಾಂ ಶುದ್ಧ ಇಪಿಎ ಅಥವಾ ಡಿಎಚ್‌ಎ ಕೊಟ್ಟಾಗ ಐಸೊಪ್ರೊಸ್ಟೇನ್ ಇಳಿದಿತ್ತು. ಆ ಪ್ರಮಾಣ ಬೇಕೆಂದರೆ ನಮ್ಮ ಡಬ್ಬಿಯಿಂದ ದಿನಕ್ಕೆ 13ಕ್ಕೂ ಹೆಚ್ಚು ಮಾತ್ರೆ ನುಂಗಬೇಕು! ಬೇಡಿ, ನುಂಗಬೇಡಿ. ಗ್ರಾಂಗಟ್ಟಲೆ ತೆಗೆದುಕೊಂಡವರಲ್ಲಿ ಹೃದಯದ ಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಹೆಚ್ಚಾದದ್ದು ಕಂಡಿದೆ. ಆ ಡೋಸ್ ಡಾಕ್ಟರ ಚೀಟಿಯ ವಿಷಯ. ಆರೋಗ್ಯವಂತರಿಗೆ ಎರಡೂ ಸೇರಿ ದಿನಕ್ಕೆ 250 ಮಿಲಿಗ್ರಾಂ ಎಂಬುದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯ ಲೆಕ್ಕ. ತೂಕ ಇಳಿಯುತ್ತದೆಂಬ ಆಸೆಯಂತೂ ಬಿಡಿ, ಗ್ರಾಂಗೆ 9 ಕ್ಯಾಲೊರಿ ಇದಕ್ಕೂ ಇದೆ.

[ದೃಶ್ಯ: ಮಾತ್ರೆ, ಬ್ಲೇಡು, ಬಿಳಿ ಪಿಂಗಾಣಿ ತಟ್ಟೆ]

ಇಪಿಎಯಲ್ಲಿ 5, ಡಿಎಚ್‌ಎಯಲ್ಲಿ 6 ಡಬಲ್ ಬಾಂಡ್‌ಗಳಿವೆ. ಎರಡು ಡಬಲ್ ಬಾಂಡ್‌ಗಳ ನಡುವಿನ ಹೈಡ್ರೋಜನ್ ಸುಲಭಕ್ಕೆ ಕಿತ್ತು ಬರುತ್ತದೆ, ಅಲ್ಲಿಂದ ಸರಪಳಿಯಂತೆ ಪೆರಾಕ್ಸೈಡ್, ಆಮೇಲೆ ಆಲ್ಡಿಹೈಡ್. ಮಾಪನಕ್ಕೆ ಎರಡು ಅಂಕೆಗಳಿವೆ: ಪೆರಾಕ್ಸೈಡ್ ವ್ಯಾಲ್ಯೂ 5 ದಾಟಬಾರದು, ಆಲ್ಡಿಹೈಡ್ ಅಳೆಯುವ ಅನಿಸಿಡಿನ್ ವ್ಯಾಲ್ಯೂ 20 ದಾಟಬಾರದು. ಪೆರಾಕ್ಸೈಡಿನ ದುಪ್ಪಟ್ಟಿಗೆ ಅನಿಸಿಡಿನ್ ಕೂಡಿಸಿದರೆ ಟೋಟಾಕ್ಸ್, ಅದಕ್ಕೆ ಮಿತಿ 26. ಪೆರಾಕ್ಸೈಡ್ ಮಾತ್ರ ನೋಡಿದರೆ ಮೋಸ ಹೋಗುತ್ತೀರಿ. ತೀರ ಹಳತಾದ ಎಣ್ಣೆಯಲ್ಲಿ ಪೆರಾಕ್ಸೈಡ್ ಒಡೆದು ಆಲ್ಡಿಹೈಡ್ ಆಗಿ ಆ ಅಂಕೆ ಇಳಿದಿರುತ್ತದೆ. ಕಂಪನಿಗೆ ಬರೆದು ಆ ಬ್ಯಾಚಿನ ವರದಿ ಕೇಳಬಹುದು.

ಮನೆಯಲ್ಲಿ ಬ್ಲೇಡು, ಮೂಗು ಸಾಕು. ಹೊಸ ಡಬ್ಬಿ ತೆರೆದ ದಿನವೇ ಒಂದು ಮಾತ್ರೆ ಕತ್ತರಿಸಿ. ಹದವಾದ ಮೀನಿನ ವಾಸನೆ ಬಂದರೆ ತೊಂದರೆಯಿಲ್ಲ. ಹಳೇ ಪೈಂಟಿನಂತೆ ಕಮಟಾಗಿ, ಗಂಟಲಿಗೆ ಖಾರ ತಾಗಿದರೆ ಎಸೆಯಿರಿ. ನಿಂಬೆ ಫ್ಲೇವರ್ ಹಾಕಿದ್ದರಲ್ಲಿ ಕಮಟು ಅಡಗಿಬಿಡುತ್ತದೆ, ಹಾಗಾಗಿ ನಮಗೆ ಫ್ಲೇವರ್ ಇಲ್ಲದ್ದೇ ಮೇಲು. ನಮ್ಮ ಕರಾವಳಿಯ ಏಪ್ರಿಲ್, ಮೇ ಸೆಕೆಯಲ್ಲಿ ಒಲೆಯ ಪಕ್ಕದ ಶೆಲ್ಫ್ ಈ ಡಬ್ಬಿಗೆ ಸುಡುಗಾಡೇ ಸರಿ. ಫ್ರಿಜ್‌ನಲ್ಲಿ ಮುಚ್ಚಳ ಬಿಗಿಯಾಗಿ ಮುಚ್ಚಿ ಇಡಿ. 200 ಮಾತ್ರೆಯ ದೊಡ್ಡ ಡಬ್ಬಿಗಿಂತ 60ರದ್ದು ಒಳ್ಳೆಯದು, ಮುಗಿಯುವಷ್ಟರಲ್ಲಿ ಹಳತಾಗದು.

ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಜತೆ ನುಂಗಿದರೆ ಎಣ್ಣೆ ಸರಿಯಾಗಿ ಹೀರಲ್ಪಡುವುದಿಲ್ಲ, ಗಂಜಿಯಲ್ಲಿ ಕೊಬ್ಬು ತೀರ ಕಡಿಮೆ. ಮಧ್ಯಾಹ್ನ ತೆಂಗಿನಕಾಯಿ ಹಾಕಿದ ಪದಾರ್ಥದ ಊಟದ ಜತೆ ತೆಗೆದುಕೊಳ್ಳಿ.

[ದೃಶ್ಯ: ಜಿಮ್, ಗೋಡೆಯ ಮೇಲೆ ಸಪ್ಲಿಮೆಂಟ್ ಪೋಸ್ಟರು]

ಜಿಮ್‌ಗಳಲ್ಲಿ ಕೊಬ್ಬು ಕರಗಿಸುತ್ತದೆಂದು ಮಾರುವ ಸಿಎಲ್‌ಎ ಬೇರೆಯೇ ಎಣ್ಣೆ, ಪೂರ್ತಿ ಹೆಸರು ಕಾಂಜುಗೇಟೆಡ್ ಲಿನೋಲಿಕ್ ಆಸಿಡ್. 2002ರಲ್ಲಿ ಸ್ವೀಡನ್ನಿನ ಸಂಶೋಧಕರು ಹೊಟ್ಟೆ ಬೊಜ್ಜಿನ 60 ಗಂಡಸರ ಮೇಲೆ 12 ವಾರ ಪರೀಕ್ಷೆ ಮಾಡಿದರು, ದಿನಕ್ಕೆ 3.4 ಗ್ರಾಂ. ಅದರ ಟ್ರಾನ್ಸ್-10, ಸಿಸ್-12 ಎಂಬ ರೂಪ ಪಡೆದವರಲ್ಲಿ ಐಸೊಪ್ರೊಸ್ಟೇನ್ ಹಲವು ಪಟ್ಟು ಏರಿತು, ಉರಿಯೂತ ಸೂಚಿಸುವ ಸಿಆರ್‌ಪಿಯೂ ಏರಿತು, ಇನ್ಸುಲಿನ್ ಪ್ರತಿರೋಧವೂ. ಮಾರಾಟದ ಸಿಎಲ್‌ಎಯಲ್ಲಿ ಸಾಮಾನ್ಯವಾಗಿ ಅರ್ಧದಷ್ಟು ಇದೇ ರೂಪ. ಆಕ್ಸಿಡೇಟಿವ್ ಸ್ಟ್ರೆಸ್ ಇಳಿಸಲು ಹೊರಟವರು ಇದಕ್ಕೆ ದುಡ್ಡು ಕೊಡುವುದು ಏನೇನೂ ಸರಿಯಲ್ಲ.

[ದೃಶ್ಯ: ಮಣ್ಣಿನ ಪಾತ್ರೆಯಲ್ಲಿ ಪುಳಿಮುಂಚಿ]

ಮೀನು ತಿನ್ನುವವರಿಗೆ ವಾರಕ್ಕೆ ಎರಡು ಸಲ ಬೂತಾಯಿ ಅಥವಾ ಬಂಗುಡೆ ಇದ್ದರೆ ಡಬ್ಬಿ ಬೇಕಾಗುವುದೇ ಅಪರೂಪ. ಪುಳಿಮುಂಚಿ, ಗಸಿ ಮಾಡಿದಾಗ ಬಿಟ್ಟ ಕೊಬ್ಬು ಸಾರಲ್ಲೇ ಉಳಿಯುತ್ತದೆ. ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಮೀನಿನ ಎಣ್ಣೆ ಹೊರಗೆ, ಬಾಣಲೆಯದು ಒಳಗೆ. ಹೋಟೆಲುಗಳಿಗೆ ಕರಿದ ಎಣ್ಣೆಯಲ್ಲಿ, ಎಣ್ಣೆ ಕೆಟ್ಟಂತೆ ಹೆಚ್ಚುವ ಒಟ್ಟು ಪೋಲಾರ್ ಸಂಯುಕ್ತ 25 ಶೇಕಡ ದಾಟಬಾರದೆಂಬ ನಿಯಮ 2018ರಿಂದ ಇದೆ, ಮನೆಯ ಬಾಣಲೆಗೆ ಮಾತ್ರ ಯಾರೂ ಇನ್‌ಸ್ಪೆಕ್ಟರ್ ಇಲ್ಲ.

ಮೀನು ಮುಟ್ಟದ ಮನೆಗಳಲ್ಲಿ ಅಗಸೆ ಬೀಜ ನುಂಗುವುದುಂಟು. ಅದರಲ್ಲಿರುವುದು ಒಮೆಗಾ-3ರ ಇನ್ನೊಂದು ಬಗೆಯಾದ ಎಎಲ್‌ಎ, ದೇಹ ಅದರಿಂದ ಇಪಿಎ ಮಾಡಿಕೊಳ್ಳುವುದು ಸ್ವಲ್ಪವೇ, ಡಿಎಚ್‌ಎ ಇನ್ನೂ ಕಡಿಮೆ. ಅವರಿಗೆ ಪಾಚಿಯಿಂದ ತೆಗೆದ ಎಣ್ಣೆ ಇದೆ, ಆದರೆ ಹೊರಕವಚ ಪ್ರಾಣಿಗಳಿಂದ ತೆಗೆದ ಜೆಲಾಟಿನ್ ಅಲ್ಲವೆಂದು ಲೇಬಲ್‌ನಲ್ಲಿ ಖಾತ್ರಿ ಮಾಡಿಕೊಳ್ಳಿ. ಬೀಜವೇ ಸಾಕೆನ್ನುವವರು ಒಂದು ವಾರಕ್ಕೆ ಬೇಕಾದಷ್ಟೇ ಪುಡಿ ಮಾಡಿ ಫ್ರಿಜ್‌ನಲ್ಲಿಡಿ. ಇಡಿಯಾಗಿ ನುಂಗಿದ ಬೀಜ ಇಡಿಯಾಗೇ ಹೊರಗೆ ಹೋಗುತ್ತದೆ.

ರಕ್ತ ತೆಳು ಮಾಡುವ ವಾರ್ಫರಿನ್, ಕ್ಲೋಪಿಡೊಗ್ರೆಲ್ ಮಾತ್ರೆ ತೆಗೆದುಕೊಳ್ಳುವವರೂ, ಆಪರೇಷನ್ನಿಗೆ ದಿನ ಗೊತ್ತಾದವರೂ ಮೀನೆಣ್ಣೆ ಶುರುಮಾಡುವ ಮೊದಲು ಡಾಕ್ಟರಿಗೆ ಡಬ್ಬಿಯನ್ನೇ ತೋರಿಸಿ. ಕಾಡ್ ಲಿವರ್ ಎಣ್ಣೆಯಲ್ಲಿ ವಿಟಮಿನ್ ಎ ಜಾಸ್ತಿ, ಬಸುರಿಯರಿಗೆ ಅದು ಬೇಡ.

[ಪರದೆಯಲ್ಲಿ ಬರಹ: ಇಪಿಎ + ಡಿಎಚ್‌ಎ = ? ಡಬ್ಬಿಯ ಹಿಂಬದಿ ನೋಡಿ]